ಪ್ರೇತಿಯ ಅಪ್ಪನಿಗೆ

ಜೂನ್ 6

ಪ್ರೇತಿಯ ಅಪ್ಪನಿಗೆ,

ನನ್ನ ಮದುವೆ ಆಯಿತು!!! ಮೊನ್ನೆ ಸೋಮವಾರ ಬೆಳಗ್ಗೆ ಹನ್ನೊಂದೂಕಾಲಿಗೆ, ನೋಂದಣಿ ಕಚೇರಿಯಲ್ಲಿ, ಕಾಲು ಅಲುಗಾಡುವ ಒಂದು ಮೇಜಿನ ಮೇಲೆ ಸಹಿ ಹಾಕಿ. ಹುಡುಗ ಲಿಫ್ಟ್ ಮೆಕ್ಯಾನಿಕ್. ಸಹಿ ಹಾಕುವ ಮೊದಲೇ ಆ ಕಟ್ಟಡದ ಲಿಫ್ಟ್ ಎರಡನೆಯ ಮಹಡಿಗೂ ಮೂರನೆಯ ಮಹಡಿಗೂ ನಡುವೆ ನಿಂತುಹೋಯಿತು. ನಮ್ಮ ಇಬ್ಬರು ಸಾಕ್ಷಿಗಳೂ ಅದರೊಳಗೇ ಇದ್ದರು. ಮದುಮಗ ಹೊಸ ಅಂಗಿಯ ತೋಳು ಮಡಚಿಕೊಂಡು ಹೋಗಿ, ಅರ್ದ ಗಂಟೆಯಲ್ಲಿ ಅವರನ್ನು ಇಳಿಸಿ, ಕೈಗೆ ಮೆತ್ತಿದ ಗ್ರೀಸ್ ಸಮೇತ ಬಂದು ಸಹಿ ಹಾಕಿದರು. ಯಾರೂ ಕೇಳದಿದ್ದರೂ ಇವರ ಹೆಬ್ಬೆರಳಿನ ಗುರುತು ಆ ಪುಸ್ತಕದಲ್ಲಿ ಬಿದ್ದಿದೆ. ನಕ್ಕೂ ನಕ್ಕೂ ನನ್ನ ಸಹಿ ಸೊಟ್ಟಗಾಯಿತು.

ನಿಮ್ಮನ್ನು ಕೇಳಲಿಲ್ಲ. ಗೊತ್ತು. ಹೋದ ವರ್ಷ ಕೆಲಸಕ್ಕೆಂದು ಈ ಊರಿಗೆ ಹೊರಟಾಗ ನಾನು, "ಇನ್ಮೇಲೆ ಕಂಪ್ಯೂಟರೇ ತಪ್ಪು ತಿದ್ದುತ್ತೆ, ನಿಮ್ಮನ್ನ ಯಾರು ಕೇಳ್ತಾರೆ?" ಅಂದೆ. ನೀವು, "ಹಾಗಾದ್ರೆ ನೀನೂ ಕೇಳಬೇಡ. ಯಾವುದಕ್ಕೂ ಕೇಳಬೇಡ" ಅಂದಿರಿ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕೂತು ಕರಡು ತಿದ್ದಿದವರಿಗೆ ನಾನು ಹಾಗೆ ಹೇಳಬಾರದಿತ್ತು. ನೀವೂ ಅಷ್ಟು ಸ್ಪಷ್ಟವಾಗಿ ಹೇಳಬಾರದಿತ್ತು. ಪಕ್ಕದ ಮನೆಗೆ ಐದು ಸಲ ಫೋನ್ ಮಾಡಿದೆ. ಐದು ಸಲವೂ "ನಿಮ್ಮಪ್ಪ ಈಗ ತಾನೇ ಹೊರಗೆ ಹೋದ್ರು" ಅಂದರು. ಅಪ್ಪ ಮಗಳ ಸಂಭಂದ ಒಂದು ಮಾತಿಗೆ ಮುಗಿದುಹೋಗುತ್ತದೆಯೇ?

ಮನೆಯಲ್ಲಿ ನಾವು ಮೂವರು. ಅತ್ತೆ ಮೊದಲು ಬಟ್ಟೆ ಹೊಲಿಯುತ್ತಿದ್ದರು. ಈಗ ಕಣ್ಣಿನ ಆಪರೇಷನ್ ಆಗಿದೆ, ಎರಡು ತಿಂಗಳು ಏನೂ ಓದುವಂತಿಲ್ಲ. ಅವರ ಹತ್ತಿರ ಒಂದು ಪುಸ್ತಕ ಇದೆ ಅಪ್ಪ, ಪುಸ್ತಕ ಅಲ್ಲ, ಇಟ್ಟಿಗೆ!!! ತೊಂಬತ್ತೊಂಬತ್ತು ದೆವ್ವದ ಕಥೆಗಳು, ಸಾವಿರದ ನೂರ ನಾಲ್ಕು ಪುಟ. ಇಷ್ಟು ದಿನ ಹೊಲಿದ ಕಾಲರ್‌ಗಳನ್ನು ಅದರ ಕೆಳಗಿಟ್ಟು ಮಟ್ಟಮಾಡುತ್ತಿದ್ದರಂತೆ. ಬೆಳಗ್ಗೆ ಪುಟ್ಟ ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಪದ್ಯ ಹೇಳಿಕೊಟ್ಟು ನಾನು ಒಂದು ಗಂಟೆಗೆ ಮನೆಗೆ ಬರುತ್ತೇನೆ. ಮದ್ಯಾಹ್ನ ಎರಡರಿಂದ ಮೂರು, ಅತ್ತೆಗೆ ದೆವ್ವ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವುದು ಕೇಳಿ ನಿನ್ನೆ ಅಂದರು: "ಬೇಗ ಓದೇ ತಾಯಿ, ನೀನು ಕಾಗುಣಿತ ಮುಗಿಸೋ ಹೊತ್ತಿಗೆ ದೆವ್ವಕ್ಕೇ ಬೇಜಾರಾಗಿ ಎದ್ದು ಹೋಗುತ್ತೆ." ನನಗೆ ಬಯ ಆಗುವುದು ದೆವ್ವಕ್ಕಲ್ಲ, ಒತ್ತಕ್ಷರಕ್ಕೆ.

ನೀವು ಇಂಗ್ಲಿಷ್ ಕಾಗದ ಓದುವುದಿಲ್ಲ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು!!!

ಒಂದು ಸಲ ಮನೆಗೆ ಬರಲೇ?

ನಿಮ್ಮ
ಅಲ್ಪವಿರಾಮ
(ಪೂರ್ಣವಿರಾಮ ಇಡಲು ಬಾರದವಳು ಅಂತ ನೀವಿಟ್ಟ ಹೆಸರನ್ನು ಇವರಿಗೂ ಹೇಳಿಬಿಟ್ಟೆ. ಈಗ ಇವರೂ ಹಾಗೇ ಕರೆಯುತ್ತಾರೆ.)

*

ಜೂನ್ 18

ನಿನ್ನ ಕಾಗದವನ್ನು ತಿದ್ದಿ ಇದರೊಂದಿಗೆ ವಾಪಸು ಕಳುಹಿಸಿದೆ. ತಪ್ಪು ನಾಲ್ಕು. ಹೆಚ್ಚುವರಿ ಆಶ್ಚರ್ಯಸೂಚಕ ಆರು, ಹೊಡೆದುಹಾಕಿದೆ.

ಮಧ್ಯಾಹ್ನಕ್ಕೆ ಧ. ಹೊಟ್ಟೆ ಸೀಳದಿದ್ದರೆ ಅದು ಹೆಂಡ ಕುಡಿಯುವ ಹೊತ್ತಾಗುತ್ತದೆ.

ನೋಡಿದೆ.

*

ಜೂನ್ 27

ಅಪ್ಪ,

ಕೆಂಪು ಶಾಯಿ! (ಒಂದೇ ಹಾಕಿದ್ದೇನೆ.) ಲಕೋಟೆ ಒಡೆದಾಗ ನಾನು ಕುಣಿದದ್ದು ನೋಡಿ ಇವರು, "ಏನು, ಬಹುಮಾನ ಬಂತಾ?" ಅಂದರು. "ಅಲ್ಲ, ನಾಲ್ಕು ತಪ್ಪು" ಅಂದೆ. ನಮ್ಮ ಮನೆಯ ವಿಷಯ ಇವರಿಗೆ ಇನ್ನೂ ಅರ್ಥವಾಗಿಲ್ಲ. ಪ್ರೆಸ್ಸಿನಲ್ಲಿ ಕರಡು ನೋಡಿ ಮುಗಿಸಿದ ಮೇಲೆ ಕೆಳಗೆ ನೀವು ಬರೆಯುವುದೇ "ನೋಡಿದೆ" ಅಂತ. ಸಹಿ ಇಲ್ಲದಿದ್ದರೂ ಅದು ಅಪ್ಪನದೇ ಅಂತ ವಿವರಿಸಿದೆ. ಆದರೂ ಅಪ್ಪ, "ಅಪ್ಪ" ಅಂತ ಬರೆದಿದ್ದರೆ ಎರಡೇ ಅಕ್ಷರ.

ಈಗ ಪ್ರಶ್ನೆ. ನಾಲ್ಕು ತಿದ್ದಿದ್ದೀರಿ. ಐದನೆಯದು? ಅತ್ತೆಗೆ ಕಾಗದ ಓದಿ ಹೇಳುವಾಗ ಅವರೇ ಹಿಡಿದರು. "ಏನಂದೆ? ಪ್ರೇತಿಯ? ಅಯ್ಯೋ, ಬದುಕಿರೋ ಮನುಷ್ಯನ್ನ ಪ್ರೇತ ಮಾಡಿಬಿಟ್ಟೆಯಲ್ಲೇ!" ನಾನು ಗುಡಿಸು ಹಾಕುವಲ್ಲಿ ಎತ್ವ ಹಾಕಿದ್ದೇನೆ. ಕಾಗದದ ಮೊದಲ ಪದ! ನಿಮ್ಮ ಕಣ್ಣು ತಪ್ಪಿಸಲು ಸಾಧ್ಯವೇ ಇಲ್ಲ. ಆದರೂ ಅದನ್ನು ತಿದ್ದಿಲ್ಲ, ಬರೀ ಅಡಿಯಲ್ಲಿ ಕೆಂಪು ಚುಕ್ಕೆಗಳು ಸಾಲಾಗಿ ಬಿದ್ದಿವೆ. ಪೆನ್ನು ಸೋರಿತೇ? ಅಥವಾ ಆ ಚುಕ್ಕೆಗೆ ಏನಾದರೂ ಅರ್ಥ ಇದೆಯೇ?

ಎರಡನೆಯ ಪ್ರಶ್ನೆ ಇನ್ನೂ ದೊಡ್ಡದು. ನಿನ್ನೆ ಇಪ್ಪತ್ತಮೂರನೆಯ ಕಥೆ ಓದಿದೆ. ಕೊಡೆ ರಿಪೇರಿ ಅಂಗಡಿಯ ದೆವ್ವ, ಬಿಸಿಲಿದ್ದಾಗ ಮಾತ್ರ ಬರುತ್ತದೆ, ಮಳೆ ಬಂದರೆ ಅದಕ್ಕೂ ಕೆಲಸದ ಗಡಿಬಿಡಿ. ಓದುತ್ತಾ ಓದುತ್ತಾ ನನಗೆ ಒಂದು ಕುದುರೆ ನೆನಪಾಯಿತು. ಕಥೆಯಲ್ಲಿ ಕುದುರೆಯೇ ಇಲ್ಲ! ಆಮೇಲೆ ಹೊಳೆಯಿತು: ಚಿಕ್ಕವಳಿದ್ದಾಗ ನೀವು ಮನೆಗೆ ತರುತ್ತಿದ್ದ ಹಳೆಯ ಕರಡಿನ ಹಾಳೆಗಳ ಬೆನ್ನ ಮೇಲೆ ನಾನು ಚಿತ್ರ ಬರೆಯುತ್ತಿದ್ದೆನಲ್ಲ, ಈ ಕೊಡೆ ಅಂಗಡಿಯ ಬೆನ್ನಿಗೆ ಬರೆದದ್ದು ಕುದುರೆ. ಅಪ್ಪ, ಈ ಪುಸ್ತಕ ತಿದ್ದಿದವರು ನೀವಾ?

ಇವರೂ ನಾನೂ ಪಂದ್ಯ ಕಟ್ಟಿದ್ದೇವೆ. ಸಾವಿರದ ನೂರ ನಾಲ್ಕು ಪುಟದಲ್ಲಿ ಒಂದಾದರೂ ತಪ್ಪಿರುತ್ತೆ ಅಂತ ಇವರು. ಒಂದೂ ಇರುವುದಿಲ್ಲ, ಅದು ನಮ್ಮಪ್ಪನ ಪುಸ್ತಕ ಅಂತ ನಾನು. ಸೋತವರು ಒಂದು ತಿಂಗಳು ಪಾತ್ರೆ ತೊಳೆಯಬೇಕು. ಸದ್ಯಕ್ಕೆ ನಾನೇ ಮುಂದಿದ್ದೇನೆ. ಇನ್ನೊಂದು ಲೆಕ್ಕವೂ ಇಟ್ಟಿದ್ದೇನೆ: ಇಪ್ಪತ್ತಮೂರು ದೆವ್ವಗಳಲ್ಲಿ ಹನ್ನೊಂದು ಮೆಟ್ಟಿಲ ಮೇಲೆಯೇ ಕಾಣಿಸಿಕೊಂಡಿವೆ. ಯಾಕೆ, ಅವಕ್ಕೆ ಬೇರೆ ಜಾಗವೇ ಸಿಗುವುದಿಲ್ಲವೇ? ಇವರು ಹೇಳಿದರು: "ಅದಕ್ಕೇ ನಾನು ಎಲ್ಲರಿಗೂ ಲಿಫ್ಟ್ ಹಾಕಿಸಿ ಅನ್ನೋದು."

ಮೊದಲ ಕಾಗದದ ಕೊನೆಯ ಸಾಲಿನಲ್ಲಿ ಒಂದು ಮಾತು ಕೇಳಿದ್ದೆ. ಅದಕ್ಕೆ ಚುಕ್ಕೆಯೂ ಇಲ್ಲ, ಗೀಟೂ ಇಲ್ಲ. ನೋಡಿದಿರೋ ಇಲ್ಲವೋ.

ನಿಮ್ಮ
ಅಲ್ಪವಿರಾಮ

*

ಜುಲೈ 8

ಹೆಚ್ಚುವರಿ ಆಶ್ಚರ್ಯಸೂಚಕ ಮೂರು. ತಿದ್ದಿದ ಪ್ರತಿ ಇದರೊಂದಿಗಿದೆ.

ಹೌದು, ಆ ಪುಸ್ತಕ ನಾನು ನೋಡಿದ್ದು. ತೊಂಬತ್ತೊಂಬತ್ತು ಕಥೆ, ಪ್ರತಿಯೊಂದಕ್ಕೂ ಮೂರು ಕರಡು. ಹದಿನಾಲ್ಕು ತಿಂಗಳು ಹಿಡಿಯಿತು. ನಿನ್ನ ಕುದುರೆಗೆ ಐದು ಕಾಲಿತ್ತು. ಅದನ್ನು ತಿದ್ದಿರಲಿಲ್ಲ.

ಪೆನ್ನು ಸೋರಲಿಲ್ಲ. ಒಂದು ಪದ ತಪ್ಪೆಂದು ಗೀಟು ಹಾಕಿದ ಮೇಲೆ, ಬೇಡ, ಇದ್ದಹಾಗೇ ಇರಲಿ ಎನ್ನಿಸಿದರೆ ಅದರ ಅಡಿಯಲ್ಲಿ ಚುಕ್ಕೆ ಇಡುತ್ತೇವೆ. ಅಚ್ಚಿನ ಮೊಳೆ ಜೋಡಿಸುವವರು ಅದನ್ನು ನೋಡಿ ಕೈ ಹಚ್ಚುವುದಿಲ್ಲ. ಪ್ರೆಸ್ಸಿನಲ್ಲಿ ಆ ಗುರುತಿಗೆ "ಇರಲಿ" ಎನ್ನುತ್ತೇವೆ. ನಿನ್ನ ಮೊದಲ ಪದಕ್ಕೆ ಗೀಟು ಹಾಕಲು ಹೋದೆ. ಆಮೇಲೆ ಯೋಚಿಸಿದೆ. ಮಗಳ ಮದುವೆ ಆಗಿದೆ ಎಂದು ಮೂರು ದಿನ ಬಿಟ್ಟು ಬರೆದ ಕಾಗದದಲ್ಲಿ ಓದುವವನಿಗೆ ಆ ಪದ ಸರಿಯಾಗಿಯೇ ಹೊಂದುತ್ತದೆ. ಹಾಗಾಗಿ ಚುಕ್ಕೆ.

ಲಿಫ್ಟ್ ರಿಪೇರಿ ಮುಗಿದ ಮೇಲೆ ಸರಿಯಾಗಿದೆ ಎಂದು ಯಾರು ಸಹಿ ಹಾಕುತ್ತಾರೆ? ಮಾಡಿದವರೇ ಹಾಕುತ್ತಾರೋ, ಬೇರೆಯವರು ನೋಡುತ್ತಾರೋ?

ಅರವತ್ತೆಂಟನೆಯ ಕಥೆ ಓದಬೇಕಾಗಿಲ್ಲ. ಚೆನ್ನಾಗಿಲ್ಲ.

ನೋಡಿದೆ.

*

ಜುಲೈ 15

ಅಪ್ಪ,

ನೀವು "ಓದಬೇಕಾಗಿಲ್ಲ" ಅಂತ ಬರೆದ ಕಾಗದ ಒಂದೂವರೆ ಗಂಟೆಗೆ ಬಂತು. ಎರಡು ಗಂಟೆಗೆ ನಾವು ಅರವತ್ತೆಂಟನೆಯ ಕಥೆಯಲ್ಲಿದ್ದೆವು. ನಡುವಿನ ಮೂವತ್ತು ಕಥೆ ಹಾರಿಸಿಬಿಟ್ಟೆವು. ಅತ್ತೆ ಅಂದದ್ದು: "ಚೆನ್ನಾಗಿಲ್ಲದ ಕಥೇನ ನಂಬರ್ ಸಮೇತ ಯಾರೂ ನೆನಪಿಟ್ಕೊಳ್ಳೋಲ್ಲ. ತೆಗಿ ಅದನ್ನ."

ಬಾಡಿಗೆಮನೆ, ಹೆಂಡತಿ ಸತ್ತ ಗಡಿಯಾರ ರಿಪೇರಿಯವನು, ಮನೆಯಲ್ಲಿ ಏನೋ ಸದ್ದು. ಏಳುನೂರ ಮೂರನೆಯ ಪುಟದ ನಡುವಿಗೆ ಬಂದೆ. ಗಟ್ಟಿಯಾಗಿ ಓದಿದೆ: "ಅವಳು ಹೋದ ಮೇಲೂ ಆ ಮನೆಯಲ್ಲಿ ಪ್ರೀತಿ ಉಳಿದಿತ್ತು. ಮಧ್ಯಾಹ್ನದ ಹೊತ್ತು ಅದು ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿತ್ತು."

ಅತ್ತೆ ತಡೆದರು. "ಪ್ರೀತಿಗೆ ಯಾವಾಗಿಂದ ಕೆಮ್ಮು ಬಂತೇ? ಪ್ರೇತ ಅಂತಿರಬೇಕು. ನಿಮ್ಮಪ್ಪನಿಗೆ ಮಾಡಿದ ಹಾಗೇ ಇದಕ್ಕೂ ಮಾಡ್ತಿದ್ದೀಯ. ಸರಿಯಾಗಿ ನೋಡು."

ನೋಡಿದೆ. ಬೆರಳಿಟ್ಟು ನೋಡಿದೆ. ಕಿಟಕಿಯ ಹತ್ತಿರ ಒಯ್ದು ನೋಡಿದೆ. ಗುಡಿಸೇ ಇದೆ ಅಪ್ಪ, ತ-ಗೂ ಇನ್ನೊಂದು ಗುಡಿಸು ಇದೆ. ಪ್ರೀತಿ. ಅತ್ತೆ ನಂಬಲಿಲ್ಲ. ಅವರ ಅಂಗೈ ಮೇಲೆ ಅಕ್ಷರ ಬರೆದು ತೋರಿಸಿದ ಮೇಲೆ ಒಪ್ಪಿದರು. ಜೀವನದಲ್ಲಿ ಮೊದಲ ಸಲ ಕನ್ನಡದ ತಪ್ಪು ನನ್ನದಲ್ಲ, ಆದರೆ ಆ ಖುಷಿ ಒಂದು ನಿಮಿಷವೂ ಉಳಿಯಲಿಲ್ಲ.

ಯಾಕೆಂದರೆ ನೀವು ಮೂರು ಸಲ ನೋಡಿದ್ದೀರಿ. ಅಲ್ಪವಿರಾಮ ಬಿಟ್ಟುಹೋದರೆ ಊಟ ಬಿಟ್ಟು ಎದ್ದು ಹೋಗಿ ಪ್ರೆಸ್ಸಿನ ಬಾಗಿಲು ತಟ್ಟುತ್ತಿದ್ದವರು. ಮಕ್ಕಳಿಗೂ ಕಾಣುವಂಥ ತಪ್ಪು ಇದು. ಹೇಗೆ ಬಿಟ್ಟುಹೋಯಿತು? ಯಾರ ಕೈ? ನಿಮಗೆ ಆವತ್ತೇ ಗೊತ್ತಿತ್ತೇ, ಆಮೇಲೆ ಗೊತ್ತಾಯಿತೇ? ಗೊತ್ತಿದ್ದದ್ದಕ್ಕೇ ತಾನೇ ಓದಬೇಡ ಅಂದದ್ದು? ಪಂದ್ಯದ ವಿಷಯ ಬಿಡಿ. ಇವರಿಗೆ ನಾವಿಬ್ಬರೂ ಇನ್ನೂ ಹೇಳಿಲ್ಲ. ಅತ್ತೆ ಆ ಪುಟದ ಮೇಲೆ ಕಣ್ಣಿನ ಔಷಧದ ಬಾಟಲಿ ಇಟ್ಟು ಕಾಯುತ್ತಿದ್ದಾರೆ.

ಆಮೇಲೆ ಪುಸ್ತಕದ ಕೊನೆಯ ಪುಟ ತೆಗೆದು ಅಚ್ಚಾದ ವರ್ಷ ನೋಡಿದೆ. ಅಮ್ಮ ತೀರಿಹೋದ ವರ್ಷ.

ಕೇಳಬೇಡ ಅಂದಿದ್ದೀರಿ. ಇದೊಂದು ಕೇಳುತ್ತಿದ್ದೇನೆ.

ನಿಮ್ಮ
ಅಲ್ಪವಿರಾಮ

*

ಆಗಸ್ಟ್ 4

ಮಗಳೇ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದೆ. ನಾಲ್ಕರಲ್ಲೂ ತಪ್ಪು ಕಂಡವು.

ಅಮ್ಮ ಹೋದ ಐದನೆಯ ದಿನ ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನನ್ನು ನಿನ್ನ ಚಿಕ್ಕಮ್ಮ ಕರೆದುಕೊಂಡು ಹೋಗಿದ್ದಳು. ಮೇಜಿನ ಮೇಲೆ ಅರವತ್ತೆಂಟನೆಯ ಕಥೆಯ ಮೊದಲ ಕರಡು ಇತ್ತು. ಕಥೆ ಬರೆದವರ ಅಕ್ಷರ ಕೋಳಿ ಕೆದರಿದ ಹಾಗೆ. ಮೊಳೆ ಜೋಡಿಸುತ್ತಿದ್ದವರಿಗೆ ವಯಸ್ಸಾಗಿತ್ತು. ಪ್ರೇತ ಎಂದಿದ್ದದ್ದರಲ್ಲಿ ಎತ್ವವನ್ನು ಗುಡಿಸೆಂದು ಓದಿಕೊಂಡು, ಹಾಗಾದರೆ ತ-ಗೂ ಒಂದು ಬೇಕೆಂದು ತಾವೇ ಕೊಟ್ಟಿದ್ದರು.

ನಾನು ಕೆಂಪು ಪೆನ್ನು ಎತ್ತಿದೆ. ಆಗ ಮುಂದಿನ ಸಾಲು ಓದಿದೆ.

ನಿನಗೆ ನೆನಪಿರಲಿಕ್ಕಿಲ್ಲ. ಕೊನೆಯ ವರ್ಷ ನಿನ್ನಮ್ಮನಿಗೆ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಲು ಆಗುತ್ತಿರಲಿಲ್ಲ. ನಿನ್ನನ್ನು ಶಾಲೆಯಿಂದ ಕರೆತಂದು ಮೇಲೆ ಕಳುಹಿಸಿ, ತಾನು ನಾಲ್ಕನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೆಮ್ಮು ಮುಗಿಸಿಕೊಂಡು ಮೇಲೆ ಬರುತ್ತಿದ್ದಳು, ನಿನಗೆ ಕೇಳಿಸಬಾರದೆಂದು. ನಾನು ಊಟಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅಲ್ಲಿರುತ್ತಿದ್ದಳು. "ದಾರಿಗೆ ಅಡ್ಡ ಕೂತಿದ್ದೀನಿ, ಸುಂಕ ಕೊಟ್ಟು ಹೋಗಿ" ಎನ್ನುತ್ತಿದ್ದಳು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ನೀನು ಕಲಿತ ಪದ್ಯವನ್ನು ಅರ್ಥ ಗೊತ್ತಿಲ್ಲದೆ ನನಗೆ ಒಪ್ಪಿಸುತ್ತಿದ್ದಳು. ಆ ಶಾಲೆಗೆ ಹಾಕಿದ್ದು ಅವಳ ಹಟ.

ಆ ಎರಡು ಸಾಲಿನಲ್ಲಿ ಪ್ರೇತ ಎಂದು ತಿದ್ದಲು ನನ್ನ ಕೈ ಏಳಲಿಲ್ಲ. ಮೊದಲ ಕರಡಿನಲ್ಲಿ ಬಿಟ್ಟೆ. ಎರಡನೆಯದರಲ್ಲೂ ಬಿಟ್ಟೆ. ಮೂರನೆಯದರ ಕೆಳಗೆ "ನೋಡಿದೆ" ಎಂದು ಬರೆದೆ. ಅದು ನಿಜವೇ. ನೋಡಿದ್ದೆ.

ಪುಸ್ತಕ ಬಂದ ಮೇಲೆ ಕಥೆ ಬರೆದವರು ಪ್ರೆಸ್ಸಿಗೆ ಬಂದು ಕೂಗಾಡಿದರು. ಯಜಮಾನರು ನನ್ನನ್ನು ಕರೆದು, "ಇಷ್ಟು ದೊಡ್ಡ ತಪ್ಪು ನಿಮ್ಮ ಕಣ್ಣಿಗೆ ಬೀಳಲಿಲ್ವಾ?" ಎಂದು ಕೇಳಿದರು. ಬೀಳಲಿಲ್ಲ ಎಂದೆ. ಆ ಕುರ್ಚಿಯಲ್ಲಿ ಕೂತು ನಾನು ಹೇಳಿದ ಸುಳ್ಳು ಅದೊಂದೇ.

ನೀನು ಕಂಪ್ಯೂಟರಿನ ಮಾತು ಹೇಳಿದ ದಿನ ನನಗೆ ಸಿಟ್ಟು ಬಂದದ್ದು ಇದಕ್ಕೇ. ಈಗ ಪ್ರೆಸ್ಸಿಗೂ ಅದು ಬಂದಿದೆ. ಪರೀಕ್ಷೆಗೆಂದು ಆ ಸಾಲನ್ನೇ ಅದಕ್ಕೆ ಕೊಟ್ಟು ನೋಡಿದೆ. ಪ್ರೀತಿಯೂ ಪದವೇ, ಪ್ರೇತವೂ ಪದವೇ, ಅದು ಸುಮ್ಮನೆ ಬಿಟ್ಟಿತು. ನಾನೂ ಬಿಟ್ಟೆ, ಅದೂ ಬಿಟ್ಟಿತು. ಆದರೆ ಬಿಟ್ಟೆ ಎಂಬುದು ಅದಕ್ಕೆ ಗೊತ್ತಿಲ್ಲ.

ಪಂದ್ಯ ನೀನು ಸೋತಂತಾಯಿತು. ಪಾತ್ರೆ ತೊಳೆ.

ನಿನ್ನ ಮೊದಲ ಕಾಗದದ ತಿದ್ದಿದ ಪ್ರತಿ ನಿನ್ನ ಬಳಿ ಇರಬೇಕು. ಒಂದೇ ಸಲ ನೋಡಿದ ಕರಡನ್ನು ನಾನು ಎಂದೂ ಮುಗಿಸಿದ್ದಿಲ್ಲ. ಇನ್ನೊಮ್ಮೆ ನೋಡಬೇಕು. ವಾಪಸು ಕಳುಹಿಸು.

ಅಪ್ಪ

*

ಆಗಸ್ಟ್ 12

ಅಪ್ಪ,

ಎರಡಕ್ಷರ ಬರೆದಿದ್ದೀರಿ. ಎಣಿಸಿದೆ.

ಕಾಗದವನ್ನು ಇದರೊಂದಿಗೆ ಕಳುಹಿಸಿದ್ದೇನೆ. ಒಂದು ಮೂಲೆಯಲ್ಲಿ ಎಣ್ಣೆಯ ಕಲೆ ಇದೆ, ಅದು ಗ್ರೀಸ್. ನಿಮ್ಮ ಕೆಂಪು ಗುರುತುಗಳನ್ನು ನೋಡಿ ಇವರೂ ಹೊಟ್ಟೆ ಸೀಳುವುದು ಕಲಿಯುತ್ತಿದ್ದಾರೆ.

ನಿಮ್ಮ ಕಾಗದವನ್ನು ನಾನು ಅತ್ತೆಗೆ ಓದಿ ಹೇಳಲಿಲ್ಲ, ಹೇಳಲು ಆಗಲಿಲ್ಲ. ನೆನಪಿಲ್ಲ ಅಂದುಕೊಂಡಿದ್ದೀರಿ. ಕೆಮ್ಮು ಕೇಳಿಸಿದ ನೆನಪು ನಿಜಕ್ಕೂ ಇಲ್ಲ ಅಪ್ಪ. ಆದರೆ ನಾನು ಮೇಲೆ ಹೋಗಿ ಬಾಗಿಲ ಸಂದಿಯಿಂದ ನೋಡಿದರೆ ನೀವಿಬ್ಬರೂ ಪಕ್ಕಪಕ್ಕದಲ್ಲಿ ಕೂತಿರುತ್ತಿದ್ದಿರಿ, ಬೆನ್ನು ಮಾತ್ರ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಕೂರುವುದು ದೊಡ್ಡವರ ಒಂದು ಆಟ ಅಂದುಕೊಂಡಿದ್ದೆ.

ನಿನ್ನೆ ಅತ್ತೆಗೆ ಹೊಸ ಕನ್ನಡಕ ಬಂತು. ಮೊದಲು ಓದಿದ್ದು ನಿಮ್ಮ ಕಾಗದ, ಆಮೇಲೆ ಔಷಧದ ಬಾಟಲಿ ಸರಿಸಿ ಏಳುನೂರ ಮೂರನೆಯ ಪುಟ. ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ತಿದ್ದಿದ್ರೆ ನಾನು ಈ ಪುಸ್ತಕಾನ ಕಾಲರ್ ಒತ್ತೋದಕ್ಕೇ ಇಟ್ಕೊಳ್ತಿದ್ದೆ" ಅಂದರು. ಇವರಿಗೂ ಹೇಳಿಬಿಟ್ಟೆ. ಇವರು ಯೋಚಿಸಿ, "ಗೊತ್ತಿದ್ದು ಬಿಟ್ಟಿದ್ದು ತಪ್ಪು ಹೇಗಾಗುತ್ತೆ? ಪಂದ್ಯ ಸೋತದ್ದು ನಾನೇ" ಅಂತ ತೋಳು ಮಡಚಿದರು. ಲೋಟಕ್ಕೂ ಗ್ರೀಸ್ ವಾಸನೆ ಬರುತ್ತಿದೆ, ಆದರೂ ತೊಳೆಯುತ್ತಿದ್ದಾರೆ.

ನಿಮ್ಮ ಪ್ರಶ್ನೆಗೆ ಇವರ ಉತ್ತರ: ರಿಪೇರಿ ಮಾಡಿದವರು ಸಹಿ ಹಾಕುತ್ತಾರೆ, ಆದರೆ ಅದಕ್ಕೂ ಮೊದಲು ತಾವೇ ಒಳಗೆ ಹತ್ತಿ ಮೇಲಿನ ಮಹಡಿವರೆಗೆ ಒಬ್ಬರೇ ಹೋಗಿ ಬರಬೇಕು. "ನಿಮ್ಮಪ್ಪನದೂ ಅದೇ ಪದ್ಧತಿ ಅನ್ಸುತ್ತೆ" ಅಂದರು.

ನಿಮ್ಮ
ಅಲ್ಪವಿರಾಮ

*

ಆಗಸ್ಟ್ 27

ಎರಡನೆಯ ಕರಡು ಇದರೊಂದಿಗಿದೆ. ತಿದ್ದುಪಡಿ ಎರಡು. ಒಂದು ಮೊದಲ ಸಾಲಿನಲ್ಲಿ, ಒಂದು ಕೊನೆಯ ಸಾಲಿನಲ್ಲಿ.

ನೋಡಿದೆ.

ಅಪ್ಪ

*

ಸೆಪ್ಟೆಂಬರ್ 3

ಪ್ರೀತಿಯ ಅಪ್ಪನಿಗೆ,

ಗುಡಿಸು ಹಾಕಿದ್ದೇನೆ!!! (ಮೂರೂ ಆಶ್ಚರ್ಯಸೂಚಕದ ಅಡಿಯಲ್ಲಿ ನಾನೇ ಚುಕ್ಕೆ ಇಟ್ಟಿದ್ದೇನೆ. ಇರಲಿ.)

ನೀವು ಚುಕ್ಕೆಗಳನ್ನು ಬ್ಲೇಡಿನಿಂದ ಕೆರೆದು ತೆಗೆದದ್ದು ಕಾಣುತ್ತದೆ, ಅಲ್ಲಿ ಕಾಗದ ತೆಳ್ಳಗಾಗಿದೆ. ಎತ್ವಕ್ಕೆ ಗೀಟು, ಅಂಚಿನಲ್ಲಿ ಒಂದು ಗುಡಿಸು. ಅಷ್ಟೇ ಇದ್ದಿದ್ದರೂ ನಾನು ಇಡೀ ಓಣಿಗೆ ತೋರಿಸಿಕೊಂಡು ಬರುತ್ತಿದ್ದೆ.

ಕೊನೆಯ ಸಾಲನ್ನು ಮಾತ್ರ ನೋಡಲು ಧೈರ್ಯ ಬರಲಿಲ್ಲ. ಅತ್ತೆಯೇ ಓದಿದರು. "'ಒಂದು ಸಲ ಮನೆಗೆ ಬರಲೇ' ಅಂತ ಬರೆದಿದ್ದೀಯ. 'ಒಂದು ಸಲ'ಕ್ಕೆ ಗೀಟು ಬಿದ್ದಿದೆ. 'ಬರಲೇ'ಗೂ ಗೀಟು, ಪ್ರಶ್ನೆಚಿಹ್ನೆಗೂ ಗೀಟು" ಅಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಅಂಚಿನಲ್ಲಿದ್ದದ್ದನ್ನು ಓದಿದರು: "ಬರುತ್ತೇವೆ. ಪೂರ್ಣವಿರಾಮ."

ಬರುತ್ತೇನೆ ಅಲ್ಲ ಅಪ್ಪ, ಬರುತ್ತೇವೆ! ಇವರು ಎರಡು ಸಲ ಓದಿ, "ಈ 'ವೆ'ಯಲ್ಲಿ ನಾನೂ ಇದ್ದೀನಾ?" ಅಂತ ಕೇಳಿದರು. ಇದ್ದಾರೆ ತಾನೇ? ಅದಕ್ಕೆ ಉತ್ತರ ಬರೆಯಬೇಡಿ, ಬಾಗಿಲಲ್ಲೇ ಹೇಳಿ. ಅತ್ತೆ ಈ ಸಲ ಬರುವುದಿಲ್ಲ, ಹಾರಿಸಿದ ಮೂವತ್ತು ಕಥೆ ಬಾಕಿ ಇವೆಯಂತೆ. ಆದರೆ ತಾವು ಬರುವ ಬದಲು ನಿಮಗೊಂದು ಅಂಗಿ ಹೊಲಿದು ಕೊಟ್ಟಿದ್ದಾರೆ. ಕಾಲರ್ ನೋಡಿ, ಒಂದು ಸುಕ್ಕೂ ಇಲ್ಲ, ಏಳುನೂರ ಮೂರನೆಯ ಪುಟದಲ್ಲಿಟ್ಟು ಒತ್ತಿದ್ದು.

ಸ್ಟೇಷನ್ನಿಗೆ ಬರಬೇಡಿ. ನಾವೇ ನಡೆದು ಬರುತ್ತೇವೆ. ನಾಲ್ಕನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ಮೇಲೆ ಬರುತ್ತೇನೆ, ತಡವಾಯಿತು ಅಂತ ಗಾಬರಿಯಾಗಬೇಡಿ. ನೀವೂ ಇಳಿದು ಬಂದರೆ ಜಾಗ ಇರುತ್ತದೆ. ಇವರಿಗೆ ಮೊದಲೇ ಹೇಳಿಟ್ಟಿದ್ದೇನೆ, ಆ ಮೆಟ್ಟಿಲಿಗೆ ಲಿಫ್ಟ್ ಹಾಕಿಸುವ ಮಾತು ಎತ್ತಕೂಡದು ಅಂತ.

ನಿಮ್ಮ
ಅಲ್ಪವಿರಾಮ

ಮುಖ್ಯವಾದದ್ದನ್ನೇ ಮರೆತೆ ನೋಡಿ: ಹದಿನಾಲ್ಕನೆಯ ತಾರೀಕು, ಶನಿವಾರ, ಮಧ್ಯಾಹ್ನ (ಹೊಟ್ಟೆ ಸೀಳಿದ್ದೇನೆ) ಮೂರೂ ಹತ್ತರ ಪ್ಯಾಸೆಂಜರ್ ರೈಲು.